ಮುಡಿಪಿನ ಗಂಟು

ಮಿತವ್ಯಯವೆಂಬ ಮಾತನ್ನು ಕೇಳಿದೊಡನೆ ನಮ್ಮಲ್ಲಿ ಅನೇಕರ ಮುಖ ಸಣ್ಣದಾಗುತ್ತದೆ. ಯಾರೋ ಹಿರಿಯರು ಬೇಡಗಳ ಪಟ್ಟಿಯೊಂದನ್ನು ಓದಿ ಹೇಳಲಿದ್ದಾರೆಂಬ ಶಂಕೆ ಮನಸ್ಸಿನಲ್ಲಿ ಮೂಡುತ್ತದೆ. ಕಾಫಿ ಬೇಡ, ಸಿನಿಮಾ ಬೇಡ, ಹೋಟೆಲಿನ ದೋಸೆ ಬೇಡ, ಹಬ್ಬಕ್ಕೆ ಹೊಸ ಬಟ್ಟೆ ಬೇಡ! ಈ ಶಂಕೆ ನಿರಾಧಾರವಾದುದೂ ಅಲ್ಲ. ಮಿತವ್ಯಯವನ್ನು ಕುರಿತ ಉಪದೇಶಗಳಲ್ಲಿ ಬಹುಪಾಲು ಹೀಗೆಯೇ ಇರುತ್ತವೆ. ಕೇಳಿದವರು ತಲೆದೂಗುತ್ತಾರೆ, ಮರುದಿನ ತಮ್ಮ ತಮ್ಮ ಹಾದಿಯನ್ನು ಹಿಡಿಯುತ್ತಾರೆ. ನಾನು ಅಂಥ ಪಟ್ಟಿಯನ್ನು ಓದಲು ಬಂದವನಲ್ಲ. ನನ್ನನ್ನು ಬಹಳ ದಿನಗಳಿಂದ ಕಾಡಿರುವ ಒಂದು ಪ್ರಶ್ನೆಯನ್ನು ಶ್ರೋತೃಗಳ ಮುಂದಿಡಬೇಕೆಂದಿದ್ದೇನೆ. ನಮ್ಮ ಹಿಂದಿನವರ ಮನೆಗಳಲ್ಲಿ ನಗದು ಹಣ ಕಾಣುತ್ತಿದ್ದುದು ವರ್ಷಕ್ಕೆ ಒಂದೆರಡು ಬಾರಿ ಮಾತ್ರ. ಆದರೂ ಅಲ್ಲಿ ಏನಾದರೊಂದು ಉಳಿದಿರುತ್ತಿತ್ತು. ಇಂದು ಹದಿನೈದು ದಿನಕ್ಕೊಮ್ಮೆ, ವಾರಕ್ಕೊಮ್ಮೆ, ಕೆಲವೆಡೆ ದಿನಕ್ಕೊಮ್ಮೆ ಹಣ ಕಾಣುವ ಮನೆಗಳಲ್ಲಿ ಏನೂ ಉಳಿಯುವುದಿಲ್ಲ. ಇದು ಏಕೆ ಹೀಗೆ?

ಪ್ರಶ್ನೆಗೆ ಕುದೇರಿನಿಂದಲೇ ಹೊರಡುವುದು ಮೇಲು. ಚಾಮರಾಜನಗರ ತಾಲ್ಲೂಕಿನ ಈ ಊರು ಇಂದು ಜಿಲ್ಲೆಯ ಹಾಲಿನ ವ್ಯವಹಾರಕ್ಕೆ ನಡುಮನೆ. ಜಿಲ್ಲಾ ಹಾಲು ಒಕ್ಕೂಟದ, ಜನರ ಬಾಯಲ್ಲಿ ‘ಚಾಮುಲ್’ ಎನಿಸಿಕೊಂಡಿರುವ ಸಂಸ್ಥೆಯ, ದೊಡ್ಡ ಡೈರಿ ಇರುವುದು ಇಲ್ಲಿಯೇ. ಬೆಳಗಿನ ಜಾವದಲ್ಲಿ ಸುತ್ತಿನ ಯಾವ ಹಳ್ಳಿಗೆ ಹೋದರೂ ಸಹಕಾರ ಸಂಘದ ಬಾಗಿಲಿನಲ್ಲಿ ಸ್ಟೀಲಿನ ಕ್ಯಾನುಗಳನ್ನು ಹಿಡಿದ ಹೆಂಗಸರೂ ಗಂಡಸರೂ ಸಾಲುಗಟ್ಟಿ ನಿಂತಿರುತ್ತಾರೆ. ಹಾಲನ್ನು ಅಳೆದು, ಅದರ ಕೊಬ್ಬಿನಂಶವನ್ನು ಪರೀಕ್ಷಿಸಿ, ಲೆಕ್ಕ ಬರೆದುಕೊಳ್ಳುತ್ತಾರೆ. ಅನಂತರ ನಿಗದಿಯಾದ ದಿನದಂದು ಬಟವಾಡೆ. ಮುಂಗಾರನ್ನೇ ನಂಬಿ, ಸುಗ್ಗಿಯವರೆಗೆ ಕಾಯಬೇಕಾಗಿದ್ದ ಸೀಮೆಗೆ ಇದು ಸಣ್ಣ ಭಾಗ್ಯವಲ್ಲ. ರೇಷ್ಮೆ ಗೂಡಿನ ಹಣ, ಅರಿಶಿನದ ಹಣ ಇವೆಲ್ಲ ಬೆಲೆಯ ಏರಿಳಿತಕ್ಕೆ ಸಿಕ್ಕಿದವು. ಹಾಲಿನ ಹಣ ಮಾತ್ರ ತಪ್ಪದೆ ಬರುತ್ತದೆ.

ತಪ್ಪದೆ ಬರುವ ಈ ಹಣವೇ ತಪ್ಪದೆ ಹೋಗುತ್ತದೆ ಎಂಬುದು ವಿಚಿತ್ರ. 2025ರ ಆರಂಭದಲ್ಲಿ ಇದೇ ಚಾಮರಾಜನಗರ ಜಿಲ್ಲೆಯ ಕೆಲವು ಹಳ್ಳಿಗಳಲ್ಲಿ ಕಿರುಸಾಲದ ಕಂತು ಕಟ್ಟಲಾರದೆ, ವಸೂಲಿಯವರ ಕಾಟ ತಾಳಲಾರದೆ, ಸಂಸಾರಗಳು ಮನೆಗೆ ಬೀಗ ಹಾಕಿ ಊರು ಬಿಟ್ಟವೆಂಬ ವರದಿಗಳು ಪತ್ರಿಕೆಗಳಲ್ಲಿ ಬಂದವು. ಅದೇ ವರ್ಷದ ಫೆಬ್ರವರಿಯಲ್ಲಿ ಬಲವಂತದ ವಸೂಲಿಯನ್ನು ತಡೆಯಲು ಸರ್ಕಾರವು ಸುಗ್ರೀವಾಜ್ಞೆಯನ್ನು ಹೊರಡಿಸಬೇಕಾಯಿತು. ಬೀಗ ಬಿದ್ದ ಆ ಮನೆಗಳ ವಿಷಯವನ್ನು ಓದಿದಾಗ ನನಗೆ ಅನ್ನಿಸಿದ್ದು ಇಷ್ಟು: ಇವರಲ್ಲಿ ಯಾರೂ ದುಂದುಗಾರರಾಗಿರಲಾರರು. ಒಂದು ಕಾಯಿಲೆ, ಒಂದು ಮದುವೆ, ಕೊಳವೆಬಾವಿಯಲ್ಲಿ ಬಾರದ ನೀರು, ಇವುಗಳಲ್ಲಿ ಯಾವುದೋ ಒಂದು ಬಂದಾಗ ಕೈಯಲ್ಲಿ ಇರಬೇಕಾದುದು ಇರಲಿಲ್ಲ. ಹಾಗಾದರೆ ಇರಿಸಿಕೊಳ್ಳುವ ವಿದ್ಯೆಯನ್ನು ನಾವು ಎಲ್ಲಿ ಕಳೆದುಕೊಂಡೆವು?

ಹಳೆಯ ಮನೆವಾರ್ತೆಯನ್ನು ಹೊನ್ನಿನ ಯುಗವೆಂದು ವರ್ಣಿಸುವ ಅಭ್ಯಾಸ ನನಗಿಲ್ಲ. ಭೂಮಿಯಿಲ್ಲದವನ ಮನೆಯಲ್ಲಿ ಅಂದು ಉಳಿಸುವುದಕ್ಕೆ ಏನೂ ಇರಲಿಲ್ಲ. ತೆಗೆದುಕೊಂಡ ಸಾಲಕ್ಕೆ ತನ್ನನ್ನೋ ಮಗನನ್ನೋ ಜೀತಕ್ಕಿಟ್ಟವರು ಈ ಸೀಮೆಯಲ್ಲಿ ಎಷ್ಟೋ ಮಂದಿ. 1976ರಲ್ಲಿ ಜೀತಪದ್ಧತಿಯನ್ನು ಕಾನೂನು ನಿರ್ಮೂಲ ಮಾಡಿತು. ಅದಕ್ಕೆ ಹಿಂದಿನ ಕಾಲವನ್ನು ನೆನೆದು ನಿಟ್ಟುಸಿರು ಬಿಡುವವರು ಈ ಮಾತನ್ನೂ ನೆನೆಯಬೇಕು. ಆದರೆ ಅಲ್ಪಸ್ವಲ್ಪ ಇದ್ದವರು ಅದನ್ನು ಕಾಪಾಡಿಕೊಳ್ಳಲು ಕಂಡುಕೊಂಡಿದ್ದ ಉಪಾಯಗಳು ಬಹಳ ಸೂಕ್ಷ್ಮವಾದವು. ಮೂರನ್ನು ಮಾತ್ರ ಹೇಳುತ್ತೇನೆ.

ಮೊದಲನೆಯದು ಹಗೇವು. ಇಂದಿನ ಹುಡುಗರಿಗೆ ಈ ಮಾತೇ ಗೊತ್ತಿಲ್ಲವೆಂದು ನನ್ನ ಅನುಭವ. ತರಗತಿಯಲ್ಲಿ ಒಮ್ಮೆ ಕೇಳಿದಾಗ, ಅದು ಯಾವುದೋ ಹಾವಿನ ಹೆಸರೆಂದು ಒಬ್ಬ ವಿದ್ಯಾರ್ಥಿ ಉತ್ತರ ಕೊಟ್ಟ! ಹಗೇವೆಂದರೆ ಧಾನ್ಯವನ್ನು ತುಂಬಿಡುವ ನೆಲಗುಳಿ. ನೀರು ನಿಲ್ಲದ ಎತ್ತರದ ಗಟ್ಟಿ ನೆಲವನ್ನು ಆರಿಸಿ, ಬಾಯಿ ಕಿರಿದಾಗಿಯೂ ಒಡಲು ಹಿರಿದಾಗಿಯೂ ಇರುವಂತೆ ಅದನ್ನು ತೋಡುತ್ತಿದ್ದರು. ಒಳಗೆ ಸುತ್ತಲೂ ಹುಲ್ಲನ್ನು ಒತ್ತಿ, ಚೆನ್ನಾಗಿ ಒಣಗಿದ ರಾಗಿಯನ್ನು ಸುರಿದು, ಮೇಲೆ ಮತ್ತೆ ಹುಲ್ಲು ಹಾಕಿ, ಚಪ್ಪಡಿ ಎಳೆದು ಮಣ್ಣು ಮೆತ್ತುತ್ತಿದ್ದರು. ಒಳಗಿನ ಕಾಳು ಉಸಿರಾಡುತ್ತಾ ಅಲ್ಲಿರುವ ಆಮ್ಲಜನಕವನ್ನು ಮುಗಿಸಿಬಿಡುತ್ತದೆ, ಇಂಗಾಲಾಮ್ಲ ತುಂಬಿಕೊಳ್ಳುತ್ತದೆ, ಹುಳುಹುಪ್ಪಟೆ ಅಲ್ಲಿ ಬದುಕಲಾರದು. ಮೊದಲೇ ರಾಗಿಗೆ ಹುಳು ಬೀಳುವುದು ಕಡಿಮೆ. ಹಗೇವಿನಲ್ಲಿಟ್ಟರೆ ಅದು ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆರೆದೊಡನೆ ಯಾರೂ ಒಳಗಿಳಿಯುವಂತಿರಲಿಲ್ಲ. ಮೊದಲು ಹಗ್ಗಕ್ಕೆ ಕಟ್ಟಿದ ದೀಪವನ್ನು ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಗಾಳಿ ಕೆಟ್ಟಿದೆಯೆಂದು ಅರ್ಥ. ಇನ್ನೂ ಸ್ವಲ್ಪ ಹೊತ್ತು ಕಾಯಬೇಕು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಅಡುಗೆಮನೆಯ ಮಡಕೆಗೆ ಕೈ ಹಾಕಿದಂತೆ ಹಗೇವಿಗೆ ಕೈ ಹಾಕುವಂತಿಲ್ಲ. ಅದನ್ನು ತೆರೆಯಬೇಕಾದರೆ ಮಣ್ಣು ಕೆರೆಯಬೇಕು, ಚಪ್ಪಡಿ ಸರಿಸಲು ಇಬ್ಬರು ಮೂವರು ಆಳು ಬೇಕು, ಅರ್ಧ ದಿನ ಬೇಕು, ಊರಿಗೆಲ್ಲ ಗೊತ್ತಾಗಬೇಕು. ತೆರೆದ ಮೇಲೆ ಒಮ್ಮೆಗೇ ಬೇಕಾದಷ್ಟನ್ನು ತೆಗೆಯಬೇಕು. ಹೀಗಾಗಿ ‘ಇವತ್ತು ಒಂದು ಸೇರು ಹೆಚ್ಚಿಗೆ ತೆಗೆದರೆ ಏನಾಯಿತು’ ಎಂಬ ಮಾತಿಗೆ ಅಲ್ಲಿ ಎಡೆಯೇ ಇಲ್ಲ. ಹಗೇವು ರಾಗಿಯನ್ನು ಹುಳುವಿನಿಂದ ಎಷ್ಟು ಕಾಪಾಡುತ್ತಿತ್ತೋ ಮನೆಯವರಿಂದಲೂ ಅಷ್ಟೇ ಕಾಪಾಡುತ್ತಿತ್ತು.

ಎರಡನೆಯದು ಮುಯ್ಯಿ. ಮದುವೆಮನೆಯ ಒಂದು ಮೂಲೆಯಲ್ಲಿ ಚಾಪೆ ಹಾಸಿ, ಲೆಕ್ಕ ಬಲ್ಲವನೊಬ್ಬ ಪುಸ್ತಕ ಹಿಡಿದು ಕುಳಿತಿರುವುದನ್ನು ನೀವೂ ಕಂಡಿರುತ್ತೀರಿ. ಬಂದವರು ಹಣ ಕೊಡುತ್ತಾರೆ. ಅವನು ಹೆಸರು, ಊರು, ಮೊತ್ತ ಬರೆದುಕೊಳ್ಳುತ್ತಾನೆ. ಪೇಟೆಯವರು ಇದನ್ನು ಉಡುಗೊರೆಯೆಂದು ತಿಳಿಯುತ್ತಾರೆ. ಅದು ಉಡುಗೊರೆಯಲ್ಲ, ಬಡ್ಡಿಯಿಲ್ಲದ ಸಾಲ, ಅಥವಾ ಹಿಂದೆ ಇಟ್ಟ ಠೇವಣಿಯ ವಾಪಸಾತಿ. ಕೊಟ್ಟವನ ಮನೆಯಲ್ಲಿ ಶುಭಕಾರ್ಯ ನಡೆದಾಗ ಪುಸ್ತಕ ನೋಡಿ ಅಷ್ಟನ್ನೋ ಅದಕ್ಕೆ ಸ್ವಲ್ಪ ಸೇರಿಸಿಯೋ ಹಿಂದಿರುಗಿಸಬೇಕು. ನೂರು ಮನೆಗಳ ಸಣ್ಣ ಸಣ್ಣ ಮೊತ್ತ ಒಂದು ಮನೆಗೆ ಬೇಕಾದ ದಿನದಂದೇ ಒಟ್ಟಾಗಿ ಬರುತ್ತದೆ. ಮುಯ್ಯಾಳೂ ಇದೇ ಕುಲದ್ದು: ಇಂದು ನಿನ್ನ ಹೊಲದ ಕಳೆಗೆ ನಾನು, ನಾಳೆ ನನ್ನ ಹೊಲದ ಕೊಯ್ಲಿಗೆ ನೀನು. ಕೂಲಿಯ ಕಾಸು ಕೈಬದಲಾಗುವುದೇ ಇಲ್ಲ. ಇಲ್ಲಿ ಹಣವನ್ನು ಕಾಯುವುದು ಚಪ್ಪಡಿಯಲ್ಲ, ನೆರೆಯವರ ಕಣ್ಣು. ಈಚೆಗೆ ಮುಯ್ಯಿಯಲ್ಲಿಯೂ ಪೈಪೋಟಿ ಹೊಕ್ಕಿದೆ. ಸಾಲ ಮಾಡಿ ಮುಯ್ಯಿ ಮಾಡುವವರನ್ನು ಕಂಡಿದ್ದೇನೆ. ಅದು ಮುಯ್ಯಿಯ ತಪ್ಪಲ್ಲ.

ಮೂರನೆಯದು ಮುಡಿಪು. ನಮ್ಮ ಸೀಮೆಯಲ್ಲಿ ಮುಡಿಪೆಂದರೆ ಹೆಚ್ಚಾಗಿ ಮಲೆಯ ಮಾದಪ್ಪನಿಗೆ. ಕೆಲವು ಮನೆಗಳಲ್ಲಿ ಬಿಳಿಗಿರಿರಂಗನಿಗೆ, ಮತ್ತೆ ಕೆಲವರಲ್ಲಿ ತಿರುಪತಿಗೆ. ಹರಕೆ ಹೊತ್ತವರು ಅರಿಶಿನದ ಬಟ್ಟೆಯಲ್ಲಿ ಒಂದು ನಾಣ್ಯವನ್ನು ಕಟ್ಟಿ ದೇವರ ಮುಂದಿಡುತ್ತಾರೆ. ಆಮೇಲೆ ಹಸು ಕರು ಹಾಕಿದರೆ ಒಂದಿಷ್ಟು, ಬೆಳೆ ಬಂದರೆ ಒಂದಿಷ್ಟು, ಕಾಯಿಲೆ ವಾಸಿಯಾದರೆ ಒಂದಿಷ್ಟು ಗಂಟಿಗೆ ಸೇರುತ್ತ ಹೋಗುತ್ತದೆ. ಶಿವರಾತ್ರಿಗೋ ಯುಗಾದಿಗೋ ದೀಪಾವಳಿಗೋ ಬೆಟ್ಟಕ್ಕೆ ಹೋದಾಗ ಅದನ್ನು ಒಪ್ಪಿಸುತ್ತಾರೆ. ಅಲ್ಲಿಯವರೆಗೆ ಅದು ಮನೆಯಲ್ಲಿಯೇ ಇದ್ದರೂ ಮನೆಯದಲ್ಲ. ಮಗು ಹಸಿದು ಅತ್ತರೂ ಕಳ್ಳನಂತೆ ಅದಕ್ಕೆ ಕೈ ಹಾಕುವವರಿಲ್ಲ. ಗೋಡೆಯ ಗೂಡಿನಲ್ಲಿ, ಕೈಗೆಟಕುವ ಎತ್ತರದಲ್ಲಿ, ಬೀಗವಿಲ್ಲದೆ ಇಟ್ಟ ಹಣ ವರ್ಷಗಟ್ಟಲೆ ಹಾಗೆಯೇ ಇರುತ್ತದೆ. ಲೋಕದ ಯಾವ ತಿಜೋರಿಗೂ ಇಷ್ಟು ಭದ್ರತೆಯಿಲ್ಲ.

ಈ ಮೂರಕ್ಕೂ ಸಮಾನವಾದುದು ಏನು? ಮನುಷ್ಯನ ಮನೋದಾರ್ಢ್ಯದ ಮೇಲೆ ಇವು ಭಾರ ಹಾಕುವುದಿಲ್ಲ. ‘ಖರ್ಚು ಮಾಡಬೇಡ’ ಎಂದು ಪ್ರತಿದಿನ ತನಗೆ ತಾನೇ ಹೇಳಿಕೊಳ್ಳುವ ಕಷ್ಟವನ್ನು ತಪ್ಪಿಸಿ, ಒಂದು ಪಾಲನ್ನು ಮೊದಲೇ ಕೈಯಿಂದ ಆಚೆಗಿಡುತ್ತವೆ. ಒಂದಕ್ಕೆ ಚಪ್ಪಡಿ ಅಡ್ಡ, ಒಂದಕ್ಕೆ ಊರು ಅಡ್ಡ, ಒಂದಕ್ಕೆ ದೇವರು ಅಡ್ಡ. ಉಳಿದುದನ್ನು ನಿಶ್ಚಿಂತೆಯಿಂದ ಉಂಡು ಉಡಬಹುದು. ಜಿಪುಣತನಕ್ಕೂ ಮಿತವ್ಯಯಕ್ಕೂ ಇರುವ ಅಂತರ ಇಲ್ಲಿದೆಯೆಂದು ನನ್ನ ತಿಳಿವಳಿಕೆ. ಜಿಪುಣನಿಗೆ ಪ್ರತಿಯೊಂದು ಕಾಸಿನ ಮೇಲೂ ಕಣ್ಣು. ಅವನ ಜೀವಕ್ಕೆ ನೆಮ್ಮದಿಯಿಲ್ಲ. ಶರಣರ ಕಥೆಗಳಲ್ಲಿ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ನಿಮಗೆ ಗೊತ್ತಿದೆ. ಗಂಡ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾರೆಂದು ಹಿಂದಕ್ಕೆ ಕಳುಹಿಸಿದ ಗೃಹಿಣಿ ಆಕೆ. ಬೇಕಾದುದು ಎಷ್ಟೆಂಬ ಅಳತೆ ಆಕೆಗೆ ತಿಳಿದಿತ್ತು. ಅಷ್ಟು ಎತ್ತರಕ್ಕೆ ಏರುವ ಶಕ್ತಿ ನಮ್ಮಂಥವರಿಗಿಲ್ಲ. ಆದ್ದರಿಂದಲೇ ಚಪ್ಪಡಿ ಬೇಕು.

ಈಗ ಇಂದಿನ ಮನೆಗೆ ಬರೋಣ. ಹಣವೆಂಬುದಕ್ಕೆ ಹಿಂದೆ ಗಂಟುಗಳಿದ್ದವು. ಗಂಡಸಿನ ಸೊಂಟದಲ್ಲಿ ಸಂಚಿ, ಹೆಂಗಸಿನ ಸೆರಗಿನ ತುದಿಯಲ್ಲಿ ಗಂಟು. ಗಂಟು ಬಿಚ್ಚುವಷ್ಟು ಹೊತ್ತಿನಲ್ಲಿ ಮನಸ್ಸು ಒಮ್ಮೆ ಹಿಂದಕ್ಕೆ ನೋಡುತ್ತಿತ್ತು. 2016ರಲ್ಲಿ ಬಂದ ಯುಪಿಐ ವ್ಯವಸ್ಥೆಯಿಂದ ಇಂದು ಸಂತೇಮರಹಳ್ಳಿಯ ಸೊಪ್ಪಿನ ಅಂಗಡಿಯಲ್ಲಿಯೂ ಮೊಬೈಲನ್ನು ಚೌಕಟ್ಟಿನ ಚಿತ್ರಕ್ಕೆ ಹಿಡಿದರೆ ಸಾಕು, ಹಣ ಹೋಗಿರುತ್ತದೆ. ಅದರ ಅನುಕೂಲವನ್ನು ಹಳಿಯುವಷ್ಟು ಅವಿವೇಕಿ ನಾನಲ್ಲ. ನಾನೂ ಹಾಗೆಯೇ ಕೊಡುತ್ತೇನೆ. ಆದರೆ ಬಿಚ್ಚಲು ಗಂಟೇ ಇಲ್ಲದ ಹಣ ಅದು. ಹಾಲಿನ ಬಟವಾಡೆ ಬ್ಯಾಂಕಿನ ಖಾತೆಗೆ ಬೀಳುತ್ತದೆ, ಆ ಖಾತೆ ಮೊಬೈಲಿಗೆ ಸೇರಿದೆ, ಮೊಬೈಲು ಅಂಗಿಯ ಜೇಬಿನಲ್ಲಿದೆ. ಹಗೇವಿನ ಬಾಯನ್ನು ಊಟದ ಮನೆಯ ನಡುವೆ ತೆರೆದಿಟ್ಟ ಹಾಗಾಯಿತು.

ನಗದಿಗೆ ಚಪ್ಪಡಿಯೆಳೆಯುವ ಉಪಾಯವನ್ನು ಕನ್ನಡ ನಾಡಿನಲ್ಲಿ ಮೊದಲು ಚೆನ್ನಾಗಿ ಕಂಡುಕೊಂಡವರು ಉಡುಪಿಯವರು. 1925ರಲ್ಲಿ ಅಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಇವರು ಸೇರಿ ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಕಟ್ಟಿದ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕಾಯಿತು. 2020ರಲ್ಲಿ ಕೆನರಾ ಬ್ಯಾಂಕಿನೊಡನೆ ವಿಲೀನವಾಯಿತು. 1928ರಲ್ಲಿ ಅವರು ‘ಪಿಗ್ಮಿ’ ಎಂಬ ಠೇವಣಿಯನ್ನು ಆರಂಭಿಸಿದರು. ಬ್ಯಾಂಕಿನ ಪ್ರತಿನಿಧಿಯೇ ಪ್ರತಿದಿನ ನೇಕಾರನ, ಬೀಡಿ ಕಟ್ಟುವವಳ, ಬೀದಿಯಂಗಡಿಯವನ ಬಾಗಿಲಿಗೆ ಹೋಗಿ ಎರಡಾಣೆ ಪಡೆದು ಚೀಟಿ ಕೊಡುವುದು. ಎರಡಾಣೆಯನ್ನು ಬ್ಯಾಂಕಿಗೆ ತಂದು ಕಟ್ಟೆಂದರೆ ಯಾರೂ ಬರುತ್ತಿರಲಿಲ್ಲ. ಬಾಗಿಲಿಗೆ ಬಂದವನನ್ನು ಬರಿಗೈಯಲ್ಲಿ ಕಳುಹಿಸಲು ಮಾತ್ರ ನಮ್ಮ ಜನಕ್ಕೆ ಸಂಕೋಚ! ಆ ಸಂಕೋಚವನ್ನೇ ಅವರು ಉಳಿತಾಯದ ಸಾಧನವಾಗಿ ಮಾಡಿಕೊಂಡರು. ನಾನು ಅಧ್ಯಾಪಕನಾಗಿ ಸೇರಿದ ಹೊಸತರಲ್ಲಿ ತಿಂಗಳ ಇಪ್ಪತ್ತನೆಯ ತಾರೀಖಿಗೆಲ್ಲ ಸಂಬಳ ಮುಗಿದಿರುತ್ತಿತ್ತು. ಅರ್ಥಶಾಸ್ತ್ರದ ಸಹೋದ್ಯೋಗಿಗಳ ಉಪದೇಶದಿಂದ ಆಗದ ಕೆಲಸ ಸಂಜೆ ಕೊಠಡಿಯ ಬಾಗಿಲಿಗೆ ಬರುತ್ತಿದ್ದ ಪಿಗ್ಮಿಯವರಿಂದ ಆಯಿತು. ದಿನಕ್ಕೆ ಐದು ರೂಪಾಯಿ. ವರ್ಷ ತುಂಬಿದಾಗ 1,825 ರೂಪಾಯಿ ಮತ್ತು ಬಡ್ಡಿ. ನನ್ನ ಮೊದಲ ಪುಸ್ತಕದ ಬೀರು ಬಂದದ್ದು ಅದರಿಂದ.

ಪಿಗ್ಮಿಯ ಹೆಸರಿನಲ್ಲಿ ಇಂದು ಅನೇಕ ಪತ್ತಿನ ಸಹಕಾರ ಸಂಘಗಳೂ ಹಣ ಸಂಗ್ರಹಿಸುತ್ತವೆ. ಅಲ್ಲಿ ಒಂದು ಎಚ್ಚರಿಕೆ ಅಗತ್ಯ. ಬ್ಯಾಂಕಿನ ಠೇವಣಿಗೆ, ಸಹಕಾರಿ ಬ್ಯಾಂಕೂ ಸೇರಿದಂತೆ, ಐದು ಲಕ್ಷ ರೂಪಾಯಿಯವರೆಗೆ ವಿಮೆಯಿದೆ. 2020ರಲ್ಲಿ ಈ ಮಿತಿಯನ್ನು ಒಂದು ಲಕ್ಷದಿಂದ ಏರಿಸಿದರು. ಪತ್ತಿನ ಸಹಕಾರ ಸಂಘದ ಠೇವಣಿಗೆ ಆ ವಿಮೆ ಅನ್ವಯಿಸುವುದಿಲ್ಲ. ಸಂಘವನ್ನು ಬಿಡಿರೆಂದು ಹೇಳುತ್ತಿಲ್ಲ. ಇದೇ ನಾಡಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿ ರೈತನನ್ನು ಸಾಹುಕಾರನ ಬಾಗಿಲಿನಿಂದ ಬಿಡಿಸಿದರು. ಆದರೆ ಇರುವುದನ್ನೆಲ್ಲ ಒಂದೇ ಕಡೆ ಇಡಬಾರದು. ಚೀಟಿಯ ವಿಷಯದಲ್ಲಿಯೂ ಅಷ್ಟೇ. ಚೀಟಿ ಅರ್ಧ ಉಳಿತಾಯ, ಅರ್ಧ ಸಾಲ. ಕಾನೂನಿನಂತೆ ನೋಂದಣಿಯಾದ ಚೀಟಿಗಳಿವೆ. ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಪರಿಚಯದ ಮುಖವೊಂದನ್ನೇ ನಂಬಿ ಹಾಕಿದ ಚೀಟಿಯಲ್ಲಿ ಹಣ ಹೋದರೆ ಪರಿಚಯವೂ ಹೋಗುತ್ತದೆ.

ಹಾಲಿನ ಮನೆಗೆ ಒಂದು ಲೆಕ್ಕ ಹೇಳುತ್ತೇನೆ. ಹಸು ಸುಮಾರು ಹತ್ತು ತಿಂಗಳು ಕರೆಯುತ್ತದೆ. ಮುಂದಿನ ಕರುವಿಗೆ ಮುನ್ನ ಎರಡು ತಿಂಗಳು ಬತ್ತಿಸಬೇಕು. ಆ ಎರಡು ತಿಂಗಳು ಬಟವಾಡೆಯಿಲ್ಲ. ಮೇವು, ಹಿಂಡಿ, ಬೂಸ ಮಾತ್ರ ತಪ್ಪುವುದಿಲ್ಲ. ಎಷ್ಟೋ ಮನೆಗಳು ಸಾಲಕ್ಕೆ ಬೀಳುವುದು ಈ ಅರುವತ್ತು ದಿನಗಳಲ್ಲಿ. ದಿನಕ್ಕೆ ಎಂಟು ಲೀಟರಿನಂತೆ ಮುನ್ನೂರು ದಿನಕ್ಕೆ 2,400 ಲೀಟರಾಯಿತು. ಲೀಟರಿಗೆ ಎರಡು ರೂಪಾಯಿಯನ್ನು ಬಟವಾಡೆಯ ದಿನವೇ ಬೇರೆ ತೆಗೆದಿಟ್ಟರೆ 4,800 ರೂಪಾಯಿ. ಅಂದರೆ ಬತ್ತಿದ ಕಾಲದಲ್ಲಿ ದಿನಕ್ಕೆ 80 ರೂಪಾಯಿ. ಅದನ್ನು ಹಸುವಿನ ಪಾಲೆಂದೇ ಕರೆಯಿರಿ. ಹೆಸರಿಟ್ಟ ಹಣಕ್ಕೂ ಹೆಸರಿಲ್ಲದ ಹಣಕ್ಕೂ ಬಹಳ ವ್ಯತ್ಯಾಸವಿದೆ. ಹೆಸರಿಲ್ಲದ ಹಣ ಯಾರು ಕೂಗಿದರೂ ಓಗೊಡುತ್ತದೆ. ಹಸುವಿನ ಪಾಲನ್ನು ಬಸ್ ಚಾರ್ಜಿಗೆ ಬಳಸುವಾಗ ಕೈ ಸ್ವಲ್ಪ ಹಿಂಜರಿಯುತ್ತದೆ, ಮುಡಿಪಿಗೆ ಹಿಂಜರಿದ ಹಾಗೆಯೇ. ಇದಕ್ಕೆ ಬೇಕಾದುದು ಎರಡನೆಯ ಒಂದು ಖಾತೆ. ಅಂಚೆ ಕಚೇರಿಯದಾದರೂ ಸರಿ. 1882ರಿಂದ ಅಂಚೆಯವರು ಉಳಿತಾಯ ಬ್ಯಾಂಕನ್ನು ನಡೆಸುತ್ತಿದ್ದಾರೆ, ತಿಂಗಳಿಗೆ ನೂರು ರೂಪಾಯಿಯಿಂದಲೇ ಅಲ್ಲಿ ಆರ್.ಡಿ. ಕಟ್ಟಬಹುದು. ಆ ಖಾತೆಯನ್ನು ಮೊಬೈಲಿಗೆ ಸೇರಿಸಬಾರದು. ಹಣ ಬೇಕಾದರೆ ಪಾಸ್‌ಬುಕ್ ಹಿಡಿದು ಹೋಗಿ ನಿಂತು ತರಬೇಕು. ಹಾಗೆ ಹೋಗಿ ನಿಲ್ಲುವುದೇ ಚಪ್ಪಡಿ.

ಇನ್ನು ಸಾಲದ ಮಾತು. ಮಿತವ್ಯಯದ ಉಪದೇಶಕರು ಬಡವನ ಚಹದ ಲೋಟದ ಮೇಲೆ ಕಣ್ಣು ಹಾಕುತ್ತಾರೆ. ಬಡ್ಡಿಯ ಮೇಲೆ ಹಾಕುವುದಿಲ್ಲ. ದಿನಕ್ಕೆ ಇಪ್ಪತ್ತು ರೂಪಾಯಿಯ ಚಹ ಕುಡಿದರೆ ವರ್ಷಕ್ಕೆ 7,300 ರೂಪಾಯಿ. ಊರಿನಲ್ಲಿ ನೂರಕ್ಕೆ ಮೂರರಂತೆ ತಂದ ಇಪ್ಪತ್ತು ಸಾವಿರಕ್ಕೆ ತಿಂಗಳ ಬಡ್ಡಿ ಆರುನೂರು, ವರ್ಷಕ್ಕೆ 7,200. ಎರಡೂ ಹೆಚ್ಚುಕಡಿಮೆ ಸಮ. ಚಹ ಕುಡಿದವನಿಗೆ ಚಹವಾದರೂ ಸಿಕ್ಕಿತು, ನಾಲ್ಕು ಜನರೊಡನೆ ಮಾತೂ ಸಿಕ್ಕಿತು. ಆದ್ದರಿಂದ ಮೊದಲ ಉಳಿತಾಯ ಬಡ್ಡಿಯದು. ಕೈಯಲ್ಲಿ ಹಣ ಕೂಡಿದಾಗ ಹೆಚ್ಚು ಬಡ್ಡಿಯ ಸಾಲವನ್ನು ತೀರಿಸುವುದಕ್ಕಿಂತ ಲಾಭದ ಠೇವಣಿ ಮತ್ತೊಂದಿಲ್ಲ.

ಬಡ್ಡಿಯ ಲೆಕ್ಕ ಯಾವಾಗಲೂ ಮುಖ ತೋರಿಸುವುದಿಲ್ಲ. ವಾರದ ಸಾಲವನ್ನು ನೋಡಿ. ಹತ್ತು ಸಾವಿರವೆಂದು ಬರೆದು, ಒಂದು ಸಾವಿರ ಮುಂಗಡ ಹಿಡಿದುಕೊಂಡು, ಒಂಬತ್ತು ಸಾವಿರ ಕೈಗೆ ಕೊಡುತ್ತಾರೆ. ವಾರಕ್ಕೆ ಒಂದು ಸಾವಿರದಂತೆ ಹತ್ತು ವಾರ ಕಟ್ಟಬೇಕು. ಕೇಳುವುದಕ್ಕೆ ನೂರಕ್ಕೆ ಹತ್ತು, ಅಷ್ಟೇನೂ ಹೆಚ್ಚಲ್ಲವೆನ್ನಿಸುತ್ತದೆ. ಆದರೆ ಒಂಬತ್ತು ಸಾವಿರ ಹತ್ತು ವಾರವೂ ನಿಮ್ಮ ಬಳಿ ಇರುವುದಿಲ್ಲ. ಪ್ರತಿವಾರ ಕಡಿಮೆಯಾಗುತ್ತ ಹೋಗುತ್ತದೆ. ಸರಾಸರಿ ನೋಡಿದರೆ ನಿಮ್ಮ ಬಳಿ ಇದ್ದುದು ಸುಮಾರು ಐದು ಸಾವಿರ. ಐದು ಸಾವಿರಕ್ಕೆ ಹತ್ತು ವಾರದಲ್ಲಿ ಒಂದು ಸಾವಿರ ಬಡ್ಡಿಯೆಂದರೆ ನೂರಕ್ಕೆ ಇಪ್ಪತ್ತು. ವರ್ಷದಲ್ಲಿ ಹತ್ತು ವಾರಗಳು ಐದು ಸಲಕ್ಕಿಂತ ಹೆಚ್ಚು ಬರುತ್ತವೆ. ಅಂದರೆ ವರ್ಷಕ್ಕೆ ನೂರಕ್ಕೆ ನೂರನ್ನೂ ಮೀರಿದ ಬಡ್ಡಿ! ಕಿರುಸಾಲದ ಸಂಸ್ಥೆಗಳ ದರ ಇಷ್ಟಿರುವುದಿಲ್ಲವೆಂಬುದನ್ನು ಹೇಳಬೇಕು. ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದೆಂದು ರಿಸರ್ವ್ ಬ್ಯಾಂಕು 2022ರಲ್ಲಿ ಅವುಗಳಿಗೆ ನಿಯಮ ಹಾಕಿದೆ. ಅರ್ಧವೇ ಬಹಳ ಹೆಚ್ಚೆಂದು ನನ್ನ ಅಭಿಪ್ರಾಯ. ಒಂದರ ಕಂತು ಕಟ್ಟಲು ಮತ್ತೊಂದು, ಅದರ ಕಂತು ಕಟ್ಟಲು ವಾರದ ಸಾಲ, ಹೀಗೆ ಸರಪಳಿ ಬೆಳೆಯುವುದರಲ್ಲಿ ಮನೆಗೆ ಬೀಗ ಬೀಳುವ ದಾರಿ ಇದೆ. ಎರಡನೆಯ ಸಾಲವನ್ನು ಮೊದಲನೆಯದರ ಕಂತಿಗಾಗಿ ತರುವ ದಿನ ಬಂದರೆ, ಅಂದೇ ಕೊಟ್ಟವರ ಬಳಿ ಹೋಗಿ ಗಡುವು ಕೇಳುವುದು ಮೇಲು. ಅವಮಾನವಾಗುತ್ತದೆ, ನಿಜ. ಮುಂದೆ ಆಗುವುದಕ್ಕಿಂತ ಅದು ಚಿಕ್ಕದು.

ಅಡುಗೆಮನೆಗೆ ನಾನು ಉಪದೇಶ ಮಾಡುವುದು ಉದ್ಧಟತನವಾದೀತು. ಈ ಸೀಮೆಯ ಹೆಂಗಸರಿಗೆ ಅಲ್ಲಿ ಹೇಳಿಕೊಡಬೇಕಾದುದು ಏನೂ ಇಲ್ಲ. ಬಸ್ಸಾರನ್ನೇ ನೋಡಿ: ಕಾಳನ್ನೂ ಸೊಪ್ಪನ್ನೂ ಒಟ್ಟಿಗೆ ಬೇಯಿಸಿ ಬಸಿದರೆ ನೀರು ಸಾರಾಗುತ್ತದೆ, ಉಳಿದದ್ದು ಪಲ್ಯವಾಗುತ್ತದೆ. ಒಂದೇ ಉರಿಯಲ್ಲಿ ಎರಡು ಅಡುಗೆ. ಸತ್ತ್ವವೂ ನೀರಿನೊಡನೆ ಬಚ್ಚಲಿಗೆ ಹೋಗುವುದಿಲ್ಲ. ಹೊಲದ ಬದುವಿನಿಂದ ಕಿತ್ತು ತಂದ ಬೆರಕೆ ಸೊಪ್ಪಿಗೆ ದುಡ್ಡಿಲ್ಲ. ರಾತ್ರಿ ಉಳಿದ ಹಿಟ್ಟು ಬೆಳಗ್ಗೆ ಮಜ್ಜಿಗೆಯಲ್ಲಿ ಕಲಸಿ ಅಂಬಲಿಯಾಗುತ್ತದೆ. ಒಲೆಯ ಬೂದಿ ಪಾತ್ರೆ ಬೆಳಗಿ, ಅವರೆಯ ಬಿತ್ತನೆಗೆ ಬೆರೆತು ಹುಳು ತಡೆದು, ಮಿಕ್ಕಿದ್ದು ತಿಪ್ಪೆಗೆ ಸೇರುತ್ತಿತ್ತು. ಗ್ಯಾಸ್ ಬಂದ ಮೇಲೆ ಒಂದು ಮಾತನ್ನು ಮಾತ್ರ ಸೇರಿಸಬಹುದು. ಎಸರು ಕುದಿಬಂದ ಮೇಲೆ ಉರಿಯನ್ನು ಎಷ್ಟು ಹೆಚ್ಚಿಸಿದರೂ ತೆರೆದ ಪಾತ್ರೆಯ ನೀರು ಇನ್ನಷ್ಟು ಬಿಸಿಯಾಗುವುದಿಲ್ಲ, ಆವಿಯಾಗಿ ಹೋಗುತ್ತದೆ. ಕುದಿ ಬಂದೊಡನೆ ಉರಿ ಇಳಿಸಿ ಮುಚ್ಚಳ ಮುಚ್ಚಿದರೆ ಬೇಯುವ ಹೊತ್ತು ಅಷ್ಟೇ, ಗ್ಯಾಸ್ ಮಾತ್ರ ಕಡಿಮೆ. ಕಾಳನ್ನು ಹಿಂದಿನ ರಾತ್ರಿಯೇ ನೆನೆಹಾಕುವುದು ನಿಮಗೆ ತಿಳಿದದ್ದೇ. 60 ವ್ಯಾಟಿನ ಹಳೆಯ ಬಲ್ಬು ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್. 9 ವ್ಯಾಟಿನ ಎಲ್‌ಇಡಿಗೆ ಒಂದೂವರೆ ಯೂನಿಟ್ಟೂ ಆಗದು. ಇವೆಲ್ಲ ಒಳ್ಳೆಯವೇ. ಆದರೆ ಇಲ್ಲಿ ಉಳಿದ ನೂರು ಇನ್ನೂರು ರೂಪಾಯಿ ಎಲ್ಲಿಗೆ ಹೋಯಿತೆಂದು ಕೇಳಿದರೆ ಅನೇಕರಲ್ಲಿ ಉತ್ತರವಿಲ್ಲ. 2023ರಲ್ಲಿ ಸರ್ಕಾರದ ಗೃಹಜ್ಯೋತಿ, ಶಕ್ತಿ ಯೋಜನೆಗಳು ಬಂದಾಗ ಕರೆಂಟಿನ ಬಿಲ್ಲಿನಲ್ಲಿ, ಹೆಂಗಸರ ಬಸ್ ಚಾರ್ಜಿನಲ್ಲಿ ಸಾವಿರಾರು ಮನೆಗಳಿಗೆ ಹಣ ಉಳಿಯಿತು. ಕಟ್ಟುತ್ತಿದ್ದ ಬಿಲ್ಲಿನಷ್ಟನ್ನೇ ಅದೇ ತಾರೀಖಿನಂದು ಎರಡನೆಯ ಖಾತೆಗೆ ಕಟ್ಟಿದವರು ಎಷ್ಟು ಮಂದಿ? ಕಡಿಮೆಯಾದ ಖರ್ಚು ತಾನಾಗಿ ಉಳಿತಾಯವಾಗುವುದಿಲ್ಲ. ಅದನ್ನು ಅಂದೇ ಗಂಟು ಕಟ್ಟಬೇಕು.

ಗಂಟು ಕಟ್ಟಿದ ಮೇಲೆ ಬಿಚ್ಚಲೇಬಾರದೆ ಎಂದು ಕೇಳಬಹುದು. ಕಷ್ಟ ಬಂದಾಗ ಬಿಚ್ಚದಿದ್ದರೆ ಕಟ್ಟಿದ್ದರ ಪ್ರಯೋಜನವೇನು? ಇದಕ್ಕೆ ನಮ್ಮ ಅಜ್ಜಿ ಮಾಡಿದ್ದನ್ನು ಹೇಳುತ್ತೇನೆ. 1965ರಲ್ಲಿಯೂ 1966ರಲ್ಲಿಯೂ ದೇಶದ ಬಹುಭಾಗದಲ್ಲಿ ಮಳೆ ಕೈಕೊಟ್ಟಿತ್ತು. ನನಗೆ ಆಗ ಎಂಟು ವರ್ಷವಿರಬಹುದು. ತಂದೆಯವರು ಜ್ವರದಲ್ಲಿ ಮಲಗಿದ್ದರು. ಮೈಸೂರಿಗೆ ಕರೆದೊಯ್ಯಲು ಹಣವಿರಲಿಲ್ಲ. ಸಾಲಕ್ಕೆ ಹೋದ ಚಿಕ್ಕಪ್ಪ ಬರಿಗೈಯಲ್ಲಿ ಬಂದಿದ್ದರು. ಗೂಡಿನಲ್ಲಿ ಮಾದಪ್ಪನ ಮುಡಿಪಿತ್ತು. ಯಾರೂ ಅದರ ಹೆಸರೆತ್ತಲಿಲ್ಲ. ಅಜ್ಜಿ ಬಾವಿಯ ಬಳಿ ತಣ್ಣೀರು ಹೊಯ್ದುಕೊಂಡು ಬಂದು, ದೀಪ ಹಚ್ಚಿ, ಮನೆಯವರನ್ನೆಲ್ಲ, ಮಕ್ಕಳಾದ ನಮ್ಮನ್ನೂ, ಎದುರಿಗೆ ಕೂರಿಸಿಕೊಂಡರು. ‘ಮಾದಪ್ಪ, ಸುಗ್ಗೀಲಿ ತಿರುಗ ಕಟ್ತೀನಿ ಕನಪ್ಪ’ ಎಂದು ಗಟ್ಟಿಯಾಗಿ ಹೇಳಿ ಗಂಟು ಬಿಚ್ಚಿದರು. ನಾಣ್ಯಗಳನ್ನು ಎಲ್ಲರ ಮುಂದೆ ಎಣಿಸಿ, ತೆಗೆದಷ್ಟಕ್ಕೆ ಲೆಕ್ಕವಾಗಿ ಗೋಡೆಯ ಮೇಲೆ ಸುಣ್ಣದಲ್ಲಿ ಗೆರೆಗಳನ್ನು ಎಳೆದರು. ಅವರಿಗೆ ಓದುಬರಹ ಬರುತ್ತಿರಲಿಲ್ಲ. ಹರಕೆಯ ಮೊದಲ ನಾಣ್ಯವೊಂದನ್ನು ಮಾತ್ರ ಮುಟ್ಟದೆ ಹಾಗೆಯೇ ಮತ್ತೆ ಬಟ್ಟೆಯಲ್ಲಿ ಕಟ್ಟಿಟ್ಟರು.

ತಂದೆಯವರು ಗುಣವಾಗಿ ಬಂದರು. ಆ ವರ್ಷದ ಸುಗ್ಗಿ ಸುಗ್ಗಿಯಾಗಿರಲಿಲ್ಲ. ಮರುವರ್ಷ ರಾಗಿ ಬಂತು. ರಾಗಿ ಮಾರಿದ ದಿನ ಅಜ್ಜಿ ಮತ್ತೆ ದೀಪ ಹಚ್ಚಿ ನಮ್ಮನ್ನು ಕೂರಿಸಿಕೊಂಡು, ಗೆರೆಗೊಂದರಂತೆ ನಾಣ್ಯವಿಡುತ್ತ ಒಂದೊಂದೇ ಗೆರೆಯನ್ನು ಒದ್ದೆಯ ಬಟ್ಟೆಯಿಂದ ಒರಸಿದರು. ಕೊನೆಯಲ್ಲಿ ಒಂದು ರೂಪಾಯಿ ಹೆಚ್ಚಿಗೆ ಇಟ್ಟರು. ಅದು ಏಕೆಂದು ನಾನು ಕೇಳಿದಾಗ, ತಡವಾಯಿತಲ್ಲ ಎಂದರು. ಗೋಡೆಗೆ ಮುಂದಿನ ದೀಪಾವಳಿಗೆ ಸುಣ್ಣ ಬಳಿಯುವವರೆಗೂ ಆ ಗೆರೆಗಳ ಮಸುಕು ಗುರುತು ಗೂಡಿನ ಪಕ್ಕದಲ್ಲಿ ಕಾಣುತ್ತಿತ್ತು.